ಸೀಸದ ಲೆಕ್ಕ

ಟಪ್, ಬಿತ್ತು, ಹಳೆಯ ಟವೆಲ್ಲಿನ ಮೇಲೆ ಬಿದ್ದರೆ ಇಷ್ಟೇ ಸದ್ದು, ಲಾಭ, ಅಚ್ಚು ಮುಚ್ಚು, ಸುರಿ, ಕಾಯಿ, ತಟ್ಟು, ಟಪ್, ಎರಡು — ಒಂದು ಎನ್ನಬಾರದು, ಮೊದಲನೆಯದು ಯಾವತ್ತೂ ಲಾಭ, ಮಲ್ಪೆಯಲ್ಲಿ ಬಂಗುಡೆ ಮೀನು ಎಣಿಸುವಾಗ ಅಮ್ಮ ಹಾಗೆಯೇ ಎಣಿಸುತ್ತಿದ್ದಳು, ಲಾಭ, ಎರಡು, ಮೂರು, ಮೆಲ್ಬರ್ನಿನ ಡ್ಯಾಂಡಿನಾಂಗಿನ ಈ ಗ್ಯಾರೇಜಿನಲ್ಲಿ ಬಂದೂಕಿನ ಗುಂಡು ಎರೆಯುವಾಗ ನನ್ನ ಬಾಯಿಗೂ ಅದೇ ಬರುತ್ತದೆ, ಶೂಟಿಂಗ್ ಕ್ಲಬ್ಬಿನ ಮುದುಕರಿಗೆ ಇದೊಂದು ತಮಾಷೆ, ಅವರ ಬಾಯಲ್ಲಿ ನಾನು ಕರು, ಕರುಗೆ ನಂಬರ್ ವನ್ ಗೊತ್ತಿಲ್ಲ ಎಂದು ನಗುತ್ತಾರೆ, ನಗಲಿ, ಲೆಕ್ಕದಲ್ಲಿ ನನ್ನನ್ನು ಹಿಡಿದವರು ಯಾರಿದ್ದಾರೆ, ಹದಿನೆಂಟು ವರ್ಷ ವೇರ್‌ಹೌಸಿನ ಸ್ಟಾಕ್ ನೋಡಿಕೊಂಡವನು ನಾನು, ಬೋಲ್ಟು ನಟ್ಟು ವಾಶರ್, ಒಂದು ಪೆಟ್ಟಿಗೆ ಹೆಚ್ಚಾಗಲಿಲ್ಲ ಒಂದು ಪೆಟ್ಟಿಗೆ ಕಡಿಮೆಯಾಗಲಿಲ್ಲ. ಟಪ್. ಹನ್ನೊಂದು. ಜುಲೈ ತಿಂಗಳ ಚಳಿ, ರೋಲರ್ ಬಾಗಿಲನ್ನು ಅರ್ಧ ಎತ್ತಿಟ್ಟಿದ್ದೇನೆ, ಗಾಳಿ ಆಡಬೇಕು, ಕಾಲು ಮರಗಟ್ಟುತ್ತಿದೆ ಮುಖ ಬೇಯುತ್ತಿದೆ, ಪಾತ್ರೆಯಲ್ಲಿ ಸೀಸ ಕರಗಿ ನಿಂತಿದೆ, ಮೇಲೆ ಬೂದಿ ಬಣ್ಣದ ಕಿಟ್ಟ, ಸರಿಸಿದರೆ ಕೆಳಗೆ ಬಿಳಿ ಹೊಳಪು, ಶನಿವಾರ ಬೆಳಿಗ್ಗೆ ಏಳೂವರೆಗೆ ಯಾರು ಗುಂಡು ಎರೆಯುತ್ತಾರೆ, ನಿದ್ದೆ ಬಾರದವರು ಎರೆಯುತ್ತಾರೆ, ಎಣಿಸುತ್ತಾ ಇದ್ದರೆ ತಲೆ ಬೇರೆ ಕಡೆ ಹೋಗುವುದಿಲ್ಲ, ಹನ್ನೆರಡು, ಹದಿಮೂರು, ಟಪ್, ಹದಿನಾಲ್ಕು — ಹದಿನಾಲ್ಕು. ನಿನ್ನೆ ಸಂಜೆ ಮಗಳು ಹೇಳಿದ್ದೂ ಹದಿನಾಲ್ಕು. ಐದರ ಒಳಗೆ ಇರಬೇಕಂತೆ. ಸ್ವಿಚ್ ಆರಿಸಿದೆ, ಇವತ್ತು ಎಣಿಕೆ ಮುಂದೆ ಹೋಗುವುದಿಲ್ಲ.

ಚೆನ್ನು ಒಳಗೆ ಎದ್ದಿದ್ದಾಳೆ, ಅಡಿಗೆಮನೆಯಿಂದ ಡಬ್ಬಿಗಳ ಸದ್ದು, ರಾತ್ರಿ ಊಟ ಮಾಡಲಿಲ್ಲ, ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಊಟ ಬಿಟ್ಟದ್ದನ್ನು ನಾನು ಕಂಡದ್ದು ಎರಡೋ ಮೂರೋ ಸಲ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದೆವು, ನಿಶ್ಮಿತಾ ಸಿಡ್ನಿಯಿಂದ, ವೆಸ್ಟ್‌ಮೀಡಿನ ಫ್ಲ್ಯಾಟಿನಿಂದ, ಮೊದಲು ಅವಳ ಗಂಡ ರಿತೇಶನೇ ಮಾತು ತೆಗೆದ, ಅಮ್ಮ, ಗಾಬರಿ ಆಗ್ಬೇಡಿ, ರಕ್ತದಲ್ಲಿ ಸೀಸ ಸಿಕ್ಕಿದೆ, ಲೆವೆಲ್ ಹೈ ಉಂಟಂತೆ, ಹಿಮೋಗ್ಲೋಬಿನ್ ಯಾಕೆ ಏರುದಿಲ್ಲ, ಹೊಟ್ಟೆ ಯಾಕೆ ನೋವು ಅಂತ ನೋಡ್ಲಿಕ್ಕೆ ಟೆಸ್ಟ್ ಮಾಡಿದ್ದು. ಸೀಸ ಅಂದರೆ ಎಂತದ್ದು ಮಗಾ ಎಂದು ಚೆನ್ನು ಕೇಳಿದಳು, ಅವಳಿಗೆ ಗೊತ್ತಿಲ್ಲದ್ದಲ್ಲ, ನಂಬಲಾಗದೆ ಕೇಳಿದಳು. ಆರು ತಿಂಗಳು ತುಂಬಿದೆ ಮಗಳಿಗೆ, ಮುಂದಿನ ತಿಂಗಳು ಸೀಮಂತ, ಹಸಿರು ಸೀರೆ ತಂದಿಟ್ಟಾಗಿದೆ. ಮಗುವಿಗೆ ಏನಾದ್ರೂ ಆಗ್ತದಾ ಎಂದು ಕೇಳಿದಳು ಚೆನ್ನು, ಅದಕ್ಕೆ ಮಗಳು, ತಾಯಿಯ ರಕ್ತದಿಂದ ಹೋಗ್ತದೆ ಅಮ್ಮ, ಮಿದುಳಿಗೆ ಒಳ್ಳೆದಲ್ಲ, ಎಲ್ಲಿಂದ ಬರ್ತಾ ಉಂಟು ಅಂತ ಹುಡುಕಿ ಬೇಗ ನಿಲ್ಲಿಸ್ಬೇಕು ಅಷ್ಟೇ, ಡಾಕ್ಟರ್ ಒಂದು ಲಿಸ್ಟ್ ಕೊಟ್ಟಿದ್ದಾರೆ, ಹಳೇ ಪೇಂಟ್, ಕಾಡಿಗೆ, ಅರಿಶಿನ, ಇಂಡಿಯಾದ ಲೇಹ್ಯ. ಲೇಹ್ಯ ಎಂದಳು, ಎಂದದ್ದೇ ತಡ ಚೆನ್ನುವಿನ ಮುಖ ಬಿದ್ದುಹೋಯಿತು, ಉಡುಪಿಯಿಂದ ತರಿಸಿದ ಸಾಮಾನು, ಇಲ್ಲಿ ಕುಟ್ಟಿ, ತುಪ್ಪ ಬೆಲ್ಲ ಹಾಕಿ ಕಾಯಿಸಿ, ಸೀಸೆಯಲ್ಲಿ ತುಂಬಿಸಿ ಕಳಿಸಿದ್ದು ಇವಳೇ. ಲೇಹ್ಯದಿಂದಲೇ ಬಂದದ್ದು ಅಂತ ಏನಿಲ್ಲ ಅಮ್ಮ, ಟೆಸ್ಟಿಗೆ ಕೊಟ್ಟಿದ್ದೇವೆ, ರಿಪೋರ್ಟ್ ಬರ್ಲಿಕ್ಕೆ ಒಂದು ವಾರ, ಎಂದ ರಿತೇಶ. ಇವಳಿಗೆ ಕೇಳಿಸಲೇ ಇಲ್ಲ. ನನ್ನ ಕೈಯಿಂದಲೇ ಆಯ್ತಲ್ಲ ಎಂದು ಎರಡು ಕೈಯನ್ನೂ ನೋಡಿಕೊಂಡು ಅತ್ತಳು. ಆಗ ಮಗಳು ಮೆಲ್ಲಗೆ, ಪಪ್ಪ, ಲಿಸ್ಟಲ್ಲಿ ಗುಂಡು ಎರಕ ಹೊಯ್ಯುದೂ ಉಂಟು, ನಿಮ್ಮ ಗ್ಯಾರೇಜಿನದ್ದು ಮನೆಯ ಒಳಗೆ ಏನೂ ಬರುದಿಲ್ಲ ಅಲ್ವಾ. ಇಲ್ಲ ಮಗಾ ಎಂದೆ ನಾನು, ಅವಳ ಮಾತು ಮುಗಿಯುವ ಮೊದಲೇ ಎಂದೆ, ಗ್ರಾಂ ಗ್ರಾಮಿಗೆ ಲೆಕ್ಕ ಉಂಟು ನನ್ನಲ್ಲಿ, ಮತ್ತೆ ನೀನಿರುವುದು ಸಿಡ್ನಿಯಲ್ಲಿ, ನಾನಿರುವುದು ಮೆಲ್ಬರ್ನಿನಲ್ಲಿ, ಸೀಸ ಎಂತ ವಿಮಾನ ಹತ್ತಿ ಬರ್ತದಾ. ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ಅದಕ್ಕೇ ಈಗ ಪುಸ್ತಕ ತೆಗೆದಿದ್ದೇನೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅಲ್ಲ, ಹಾಗಲ್ಲ, ತೋರಿಸಲಿಕ್ಕೆ, ಚೆನ್ನುವಿಗಲ್ಲದಿದ್ದರೆ ನನಗೇ ತೋರಿಸಿಕೊಳ್ಳಲಿಕ್ಕೆ, ನೋಡು, ಐದು ಕಾಲಂ, ಬಂದದ್ದು, ಗುಂಡು, ವಾಪಸ್ ಪಾತ್ರೆಗೆ, ಕಿಟ್ಟ, ಕಾಣದ್ದು. ಟಯರ್ ಅಂಗಡಿಯವನು ಚಕ್ರಕ್ಕೆ ಬಡಿಯುವ ಹಳೆಯ ಸೀಸದ ತೂಕದ ತುಂಡು ಕೊಡುತ್ತಾನೆ, ಅದನ್ನು ಕರಗಿಸಿ ಗಟ್ಟಿ ಹೊಯ್ಯುವುದು, ಗಟ್ಟಿಯನ್ನು ತೂಗುವುದು, ಬೇಕಾದಾಗ ಗಟ್ಟಿಯನ್ನು ಕರಗಿಸಿ ಗುಂಡು, ಒಂದು ಗುಂಡಿಗೆ ಹತ್ತು ಗ್ರಾಂ, ಗುಂಡನ್ನು ಎಣಿಸಿ, ಸೊಟ್ಟಗೆ ಬಂದದ್ದನ್ನು ವಾಪಸ್ ಹಾಕಿ, ಕಿಟ್ಟವನ್ನೂ ತೂಗಿ ಡಬ್ಬಿಯಲ್ಲಿ ಬೀಗ ಹಾಕಿಡುವುದು, ಎಲ್ಲ ಕೂಡಿಸಿದರೆ ಬಂದದ್ದಕ್ಕೆ ಸರಿಹೋಗಬೇಕು, ಹೋಗುವುದಿಲ್ಲ, ಯಾವತ್ತೂ ಒಂದಿಷ್ಟು ಕಡಿಮೆ, ಹನ್ನೆರಡು ಗ್ರಾಂ, ಒಂಬತ್ತು ಗ್ರಾಂ, ಒಮ್ಮೆ ಹದಿನೈದು, ಅದಕ್ಕೇ ಐದನೆಯ ಕಾಲಂ ಮಾಡಿದೆ, ಕಾಣದ್ದು ಎಂದು ಬರೆದೆ, ಬರೆದ ಮೇಲೆ ಮನಸ್ಸಿಗೆ ಸಮಾಧಾನ, ಬರೆದಿಟ್ಟರೆ ಲೆಕ್ಕ ಸಿಕ್ಕಿದ ಹಾಗೆಯೇ. ಅಪ್ಪನಿಗೆ ಪುಸ್ತಕವೂ ಇರಲಿಲ್ಲ ತಕ್ಕಡಿಯೂ ಇರಲಿಲ್ಲ, ಬೀಸುಬಲೆಯ ಅಂಚಿಗೆ ಸೀಸದ ಮಣಿ ಕಟ್ಟುತ್ತಿದ್ದ, ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದ, ಅದೇ ಬಾಯಲ್ಲಿ ವೀಳ್ಯ ಹಾಕುತ್ತಿದ್ದ, ಎಂಬತ್ತೆರಡು ವರ್ಷ ಬದುಕಿದ, ಅವನಿಗೆ ಏನಾಯಿತು, ಏನೂ ಆಗಲಿಲ್ಲ, ಹಾಗೆಂದು ಎಷ್ಟು ಸಲ ಹೇಳಿದ್ದೇನೆ ಚೆನ್ನುವಿಗೆ, ಅವಳು ಮಾತ್ರ ನನ್ನ ಗ್ಯಾರೇಜಿನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದಳು, ಹಾಗೆಯೇ ಮಣಿ ಕಚ್ಚಿದ ನಿಮ್ಮಪ್ಪನ ತಮ್ಮಂದಿರು ಎಷ್ಟು ಜನ ಉಳಿದರು, ಅದು ಹೇಳಿ ಮೊದಲು, ಎನ್ನುತ್ತಿದ್ದಳು. ಮಾರ್ಚ್ ಒಂಬತ್ತು. ಗಟ್ಟಿ ಏಳು, ಒಂದು ಕಿಲೋ ಏಳುನೂರ ನಲವತ್ತು. ಅದರ ಹಿಂದಿನದೂ ಏಳು, ಅದರ ಹಿಂದಿನದೂ ಏಳು, ಎರಡು ವರ್ಷದಿಂದ ಏಳೇಳೇ, ಒಂದು ಹೊಯ್ತಕ್ಕೆ ಏಳು ಗಟ್ಟಿ, ಒಂದೊಂದೂ ಕಾಲು ಕಿಲೋ, ಎಣಿಸಲಿಕ್ಕೆ ಎಷ್ಟು ಸುಲಭ. ಏಪ್ರಿಲ್ ಆರು. ಗಟ್ಟಿ ಹನ್ನೆರಡು. ಪಕ್ಕದಲ್ಲಿ ನನ್ನದೇ ಅಕ್ಷರ, ಕಾವಲಿ ಸಿಗಲಿಲ್ಲ, ಮಫಿನ್ ಟ್ರೇ. ಅಷ್ಟೇ ಬರೆದಿದ್ದೇನೆ. ದಿನಾಂಕ, ತೂಕ, ಎಲ್ಲ ಸರಿಯಾಗಿದೆ.

ಗುಳಿಯಪ್ಪದ ಕಾವಲಿ. ಏಳು ಗುಳಿ, ಬೀಡು ಕಬ್ಬಿಣದ್ದು, ಚೆನ್ನುವಿನ ತಾಯಿ ಮನೆಯದು, ಮೊದಲ ಸಲ ಊರಿಗೆ ಹೋದಾಗ ಸೀರೆಯಲ್ಲಿ ಸುತ್ತಿ ತಂದದ್ದು, ಏರ್‌ಪೋರ್ಟಿನಲ್ಲಿ ಬಿಚ್ಚಿಸಿ ಇದೇನು ಎಂದು ಕೇಳಿದ್ದರು, ಆಮೇಲೆ ಹಿಡಿ ಮುರಿಯಿತು, ನಾನ್‌ಸ್ಟಿಕ್ ಬಂತು, ಇದು ಕೆಳಗಿನ ಕಪಾಟಿನ ಮೂಲೆ ಸೇರಿತು, ಸೀಸದ ಗಟ್ಟಿ ಹೊಯ್ಯಲು ಯಾವ ಅಚ್ಚು ಎಂದು ಹುಡುಕುತ್ತಿದ್ದವನಿಗೆ ಕಣ್ಣಿಗೆ ಬಿತ್ತು, ಹೇಳಿ ಮಾಡಿಸಿದ ಹಾಗಿತ್ತು, ಕೇಳಿದರೆ ಕೊಡುವವಳಲ್ಲ, ಅಮ್ಮನ ಕಾವಲಿ ಎಂದು ಮನೆ ತಲೆ ಮೇಲೆ ಮಾಡುತ್ತಾಳೆ, ಹಾಗಾಗಿ ಕೇಳಲಿಲ್ಲ. ತೆಗೆದುಕೊಂಡೆ. ಕದ್ದೆ ಎನ್ನು. ಏಪ್ರಿಲಿನಲ್ಲಿ ಅದು ಇಲ್ಲಿಂದ ಮಾಯವಾದದ್ದು ಗೊತ್ತಾದಾಗ ಚೆನ್ನು ಸಿಡ್ನಿಯಲ್ಲಿದ್ದಳು, ಮಗಳಿಗೆ ವಾಂತಿ ಎಂದು ಮಾರ್ಚ್ ಕೊನೆಗೆ ಹೋದವಳು ಮೂರು ವಾರ ಇದ್ದಳು, ಹೋಗುವ ಮುಂಚೆ ಸೂಟ್‌ಕೇಸಿಗೆ ಎಂದು ಇದೇ ಗ್ಯಾರೇಜಿಗೆ ಬಂದಿದ್ದಳು, ಅವಳೇ ಕಂಡು ಒಳಗಿಟ್ಟಿರಬೇಕು ಎಂದು ಅವತ್ತೇ ಅನ್ನಿಸಿತ್ತು, ಒಂದು ಫೋನ್ ಮಾಡಿ ಕೇಳಬಹುದಿತ್ತು, ಕೇಳಿದರೆ ಸಿಕ್ಕಿಬೀಳುತ್ತೇನೆ, ಬೈಗುಳ ಯಾರಿಗೆ ಬೇಕು, ಮಫಿನ್ ಟ್ರೇ ತಂದೆ. ಒಂದು ಬೈಗುಳಕ್ಕೆ ಹೆದರಿ ಸುಮ್ಮನಿದ್ದೆ ನಾನು, ಐವತ್ತೆಂಟು ವರ್ಷದ ಗಂಡಸು. ಈಗ ಪುಸ್ತಕ ಮುಚ್ಚಿ ಕೈ ತೊಳೆದೆ, ಇನ್ನೊಮ್ಮೆ ಸೋಪು ಹಾಕಿ ತೊಳೆದೆ, ಚಪ್ಪಲಿ ಹೊರಗೆ ಬಿಟ್ಟೆ, ನಿಯಮ ಎಲ್ಲ ಸರಿಯಾಗಿ ಪಾಲಿಸುವವನು. ಇಲ್ಲೇ ಕೆಳಗಿನ ಕಪಾಟಿನಲ್ಲಿರಲಿ ದೇವರೇ, ಇಲ್ಲೇ ಇರಲಿ.

ಅಡಿಗೆಮನೆಯಲ್ಲಿ ಚೆನ್ನು ನೆಲದ ಮೇಲೆ ಕೂತಿದ್ದಾಳೆ, ಕಪ್ಪು ಕಸದ ಚೀಲದ ಬಾಯಿ ತೆರೆದಿಟ್ಟು ಉಳಿದ ಲೇಹ್ಯವನ್ನು ಚಮಚದಲ್ಲಿ ಕೆರೆದು ಹಾಕುತ್ತಿದ್ದಾಳೆ, ಅರಿಶಿನ, ಖಾರದ ಪುಡಿ, ಸಾಂಬಾರ ಪುಡಿ, ಎಲ್ಲವೂ ಚೀಲಕ್ಕೆ, ಕಣ್ಣು ಊದಿದೆ. ನಾನು ಕಪಾಟು ತೆರೆದೆ, ಇಡ್ಲಿ ಪಾತ್ರೆ, ಕುಕ್ಕರಿನ ಮುಚ್ಚಳ, ಶ್ಯಾವಿಗೆ ಒರಳು, ಇಲ್ಲ. ಎಂತ ಹುಡುಕ್ತೀರಿ ಎಂದಳು. ಆ ಗುಳಿಯಪ್ಪದ ಕಾವಲಿ ಎಲ್ಲಿ. ಈಗ ಎಂತಕ್ಕೆ ಅದು ನಿಮಗೆ, ಗುಳಿಯಪ್ಪ ತಿನ್ನುವ ಹೊತ್ತಾ ಇದು. ಎಲ್ಲಿ ಹೇಳು ಮಾರಾಯ್ತಿ. ಮಗಳ ಹತ್ರ ಉಂಟು, ಬಯಕೆಗೆ ಗುಳಿಯಪ್ಪ ಬೇಕು ಅಂದ್ಲಲ್ಲ, ಮಾರ್ಚಲ್ಲಿ ತಕೊಂಡು ಹೋಗಿ ಅಲ್ಲೇ ಬಿಟ್ಟು ಬಂದೆ, ನಿಮಗೆ ಕಂಡದ್ದೆಲ್ಲ ಗುಜರಿ, ನನ್ನ ಅಮ್ಮನ ಕಾವಲಿಯನ್ನು ಗ್ಯಾರೇಜಿಗೆ ಬಿಸಾಡಿದ್ರಿ, ಕರಿ ಹಿಡಿದಿತ್ತು, ಹುಣಸೆಹುಳಿ ನೆನೆಸಿ ತೆಂಗಿನ ನಾರಲ್ಲಿ ತಿಕ್ಕಿದೆ, ಎರಡು ದಿನ ತಿಕ್ಕಿದೆ, ಮೂರನೇ ದಿನ ನೋಡಿದ್ರೆ ಗುಳಿಯ ಅಡಿಯಲ್ಲಿ ಬೆಳ್ಳಿ ಹಾಗೆ ಹೊಳೀತು ಮಾರಾಯ್ರೆ, ಅಮ್ಮನ ಕಾಲದಲ್ಲೂ ಅಷ್ಟು ಹೊಳೆದದ್ದಿಲ್ಲ. ಹೇಳುವಾಗ ಅವಳ ಮುಖದಲ್ಲಿ ಒಂದು ಕ್ಷಣ ಅಳು ನಿಂತು ಹೆಮ್ಮೆ ಬಂತು, ಆ ಹೆಮ್ಮೆಯನ್ನು ನನಗೆ ನೋಡಲಾಗಲಿಲ್ಲ. ಬೀಡು ಹೊಳೆಯುವುದಿಲ್ಲ ಚೆನ್ನು, ಎಷ್ಟು ತಿಕ್ಕಿದರೂ ಬೀಡು ಕಪ್ಪೇ, ಹೊಳೆಯುವುದು ಬೇರೆ, ಅದು ನನಗೆ ಗೊತ್ತು, ಇಡೀ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು. ಬಾಯಿಗೆ ಬಂತು. ಹೇಳಲಿಲ್ಲ. ಅವಳು ಲೇಹ್ಯ ಕೆರೆಯುವುದು ಮುಂದುವರಿಸಿದಳು.

ಹಿತ್ತಿಲ ಬಟ್ಟೆ ಒಣಗಿಸುವ ತಂತಿಯ ಕೆಳಗೆ ನಿಂತಿದ್ದೇನೆ, ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಸುತ್ತಿದ್ದೇನೆ, ಇಲ್ಲಿದೆ, ಏಪ್ರಿಲ್ ಹತ್ತು, ಮಗಳು ಕಳಿಸಿದ ಫೋಟೋ, ಒಲೆಯ ಮೇಲೆ ಕಾವಲಿ, ತಟ್ಟೆಯಲ್ಲಿ ಗುಳಿಯಪ್ಪ, ಅಜ್ಜಿಯ ಕಾವಲಿ ಪಪ್ಪ ಎಂದು ಬರೆದಿದ್ದಾಳೆ, ಕೆಳಗೆ ನಾನು ಹೆಬ್ಬೆರಳು ಎತ್ತಿದ್ದೇನೆ, ನೋಡಿದ್ದೆ ಹಾಗಾದರೆ, ಓ ಅಲ್ಲಿಗೆ ಹೋಯಿತಾ ಎಂದುಕೊಂಡಿದ್ದೆ, ತೊಳೆದಿರುತ್ತಾರೆ ಬಿಡು ಎಂದಿದ್ದೆ, ಅಪ್ಪ ಹಲ್ಲಲ್ಲಿ ಕಚ್ಚಿದ ಎಂದಿದ್ದೆ, ಆಮೇಲೆ ಬೇಕೆಂದೇ ಮರೆತಿದ್ದೆ. ಮತ್ತೆ ಮೇ ತಿಂಗಳು, ರಕ್ತ ಕಡಿಮೆ ಉಂಟಂತೆ ಪಪ್ಪ, ಐರನ್ ಮಾತ್ರೆ ತಿಂದರೆ ವಾಂತಿ, ಎಂದಳು, ಆಗ ಯಾರು ಬುದ್ಧಿ ಹೇಳಿದ್ದು, ನಾನೇ, ಮಾತ್ರೆ ಯಾಕೆ ಮಗಾ, ಕಬ್ಬಿಣದ ಕಾವಲಿಯಲ್ಲಿ ಮಾಡಿ ತಿನ್ನು, ನಮ್ಮ ಹೆಂಗಸರಿಗೆ ಯಾವ ಮಾತ್ರೆ ಇತ್ತು, ಬೀಡಿನ ಪಾತ್ರೆಯಲ್ಲೇ ರಕ್ತ ಆಗುತ್ತಿತ್ತು, ದಿನಾ ಮಾಡು. ದಿನಾ ಮಾಡು ಎಂದೆ. ರಕ್ತ ಇನ್ನೂ ಇಳಿಯಿತು. ಇಳಿಯಿತೆಂದು ಅವಳು ಇನ್ನೂ ಹೆಚ್ಚು ತಿಂದಳು. ಹದಿನಾಲ್ಕು ಎಂದರೆ ಎಷ್ಟು, ನನ್ನ ತಲೆ ಬೇಡವೆಂದರೂ ಲೆಕ್ಕ ಹಾಕುತ್ತದೆ, ಡೆಸಿಲೀಟರಿಗೆ ಹದಿನಾಲ್ಕು ಮೈಕ್ರೋಗ್ರಾಂ, ಮೈಯಲ್ಲಿ ಐದು ಲೀಟರ್ ರಕ್ತ ಎಂದರೆ ಐವತ್ತು ಡೆಸಿಲೀಟರ್, ಒಟ್ಟು ಏಳುನೂರು, ಅಂದರೆ ನನ್ನ ಒಂದು ಗುಂಡನ್ನು ಹದಿನಾಲ್ಕು ಸಾವಿರ ಚೂರು ಮಾಡಿ ಅದರಲ್ಲಿ ಒಂದು ಚೂರು, ಅಷ್ಟೇ ಸಾಕಾಯಿತು, ನನ್ನ ತಕ್ಕಡಿ ಗ್ರಾಮಿನ ಹತ್ತನೇ ಒಂದು ಭಾಗದ ಕೆಳಗೆ ತೋರಿಸುವುದೇ ಇಲ್ಲ, ಐದನೆಯ ಕಾಲಮ್ಮಿನಲ್ಲಿ ಹನ್ನೆರಡು ಗ್ರಾಂ ಕಾಣದ್ದು ಎಂದು ಬರೆದು ನೆಮ್ಮದಿಯಿಂದ ಮಲಗಿದವನು ನಾನು.

ಒಂದು ದಾರಿ ಇದೆ. ಬಿಸಾಡಿಸಿಬಿಡುವುದು. ತುಕ್ಕು, ಹಳೆಯದು, ಏನೋ ಒಂದು ನೆವ, ಕಾವಲಿ ಹೋದರೆ ವಿಷ ನಿಲ್ಲುತ್ತದೆ, ಮಗು ಉಳಿಯುತ್ತದೆ, ಅದು ತಾನೇ ಮುಖ್ಯ, ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ, ಲೇಹ್ಯದ ರಿಪೋರ್ಟ್ ಬರಲಿ, ಅದರಲ್ಲಿ ಸ್ವಲ್ಪ ಸಿಕ್ಕಿದರೂ ಸಿಗಬಹುದು, ಸಿಗದಿದ್ದರೆ ಅರಿಶಿನ ಎನ್ನಬಹುದು — ಮತ್ತು ಚೆನ್ನು ಇನ್ನು ಬದುಕಿರುವಷ್ಟು ದಿನ ತನ್ನ ಎರಡು ಕೈ ನೋಡಿಕೊಳ್ಳುತ್ತಾಳೆ. ನಾಚಿಕೆಯಾಯಿತು. ಆದರೂ ಅದೇ ದಾರಿ ಹಿಡಿದೆ, ಸುಳ್ಳೇಕೆ ಹೇಳಲಿ, ಎಂಟೂಕಾಲಿಗೆ ವಿಡಿಯೋ ಕಾಲ್ ಮಾಡಿದಾಗ ನಾಲಿಗೆಯ ಮೇಲೆ ಆ ನೆವವೇ ಇತ್ತು. ರಿಂಗಾಯಿತು. ಮಗಳ ಮುಖ, ಬಿಳಿಚಿಕೊಂಡಿದೆ, ನಗುತ್ತಾಳೆ, ಗುಡ್ ಮಾರ್ನಿಂಗ್ ಪಪ್ಪ, ಅಮ್ಮ ಎದ್ದರಾ, ಅಳ್ತಾ ಇದ್ದಾರಾ ಇನ್ನೂ. ಮಗಾ, ಆ ಗುಳಿಯಪ್ಪದ ಕಾವಲಿ ಉಂಟಲ್ಲ, ಅದು ಭಾರೀ ಹಳೆಯದು, ತುಕ್ಕು ಬಿಡ್ತದೆ, ಬಿಸಾಡು ಅದನ್ನು. ಎಂತ ಪಪ್ಪ, ಎಂದಳು, ನಿನ್ನೆ ರಾತ್ರಿ ನಾವು ಅರ್ಧ ಅಡಿಗೆಮನೆ ಖಾಲಿ ಮಾಡಿದೆವು, ಲೇಹ್ಯ ಹೋಯ್ತು, ಮಸಾಲೆ ಹೋಯ್ತು, ಹಿತ್ತಾಳೆ ಪಾತ್ರೆ ಹೋಯ್ತು, ಮಣ್ಣಿನ ಮಡಕೆ ಹೋಯ್ತು, ಇದೊಂದೇ ಉಳಿದದ್ದು, ಬರೀ ಕಬ್ಬಿಣ, ಇದೊಂದೇ ಸೇಫ್, ಅಮ್ಮನಿಗೆ ಹೇಳಿ, ಅವರು ಕೊಟ್ಟದ್ದರಲ್ಲಿ ಇದನ್ನು ಮಾತ್ರ ನಾನು ಬಿಸಾಡಲ್ಲ ಅಂತ. ಫೋನನ್ನು ತಿರುಗಿಸಿದಳು, ಒಲೆ, ಒಲೆಯ ಮೇಲೆ ಅದು, ಏಳು ಗುಳಿಯಲ್ಲೂ ಹಿಟ್ಟು ಉಬ್ಬಿ ನಿಂತಿದೆ, ಅಂಚಿನಲ್ಲಿ ಎಣ್ಣೆ ಚುಯ್ ಎನ್ನುತ್ತಿದೆ, ಹಸಿವಾಗ್ತಾ ಉಂಟು ಪಪ್ಪ, ನಿಮ್ಮ ಮೊಮ್ಮಗು ಒದೀತಾ ಉಂಟು, ಒಂದು ನಿಮಿಷ, ತೆಗೆದು ಆಮೇಲೆ ಮಾತಾಡ್ತೇನೆ. ತಿನ್ನಬೇಡ ಎಂದೆ. ಫೋನನ್ನು ಬಾಯಿಯ ಹತ್ತಿರ ತಂದೆ. ತಿನ್ನಬೇಡ ನಿಶ್ಮಿತಾ, ಒಲೆ ಆರಿಸು, ಅಮ್ಮನದ್ದು ಏನೂ ತಪ್ಪಿಲ್ಲ, ಲೇಹ್ಯ ಅಲ್ಲ, ನಾನು ಅದರಲ್ಲಿ ಸೀಸ ಹೊಯ್ದಿದ್ದೇನೆ, ಎರಡು ವರ್ಷ ಹೊಯ್ದಿದ್ದೇನೆ, ಅಮ್ಮನಿಗೆ ಗೊತ್ತಿಲ್ಲ, ನಾನು ಯಾರಿಗೂ ಹೇಳಲಿಲ್ಲ. ಹಿಂದೆ ಬಾಗಿಲು ಸದ್ದಾಯಿತು, ತಿರುಗಿದರೆ ಮೆಟ್ಟಿಲ ಮೇಲೆ ಚೆನ್ನು, ಕೈಯಲ್ಲಿ ಕಸದ ಚೀಲ, ಎಲ್ಲ ಕೇಳಿಸಿಕೊಂಡಿದ್ದಾಳೆ, ಬೈಯಲಿ, ಬೈದರೆ ಸಾಕು, ಬೈಯುತ್ತಿಲ್ಲ, ಅವಳ ಕಣ್ಣು ನನ್ನ ಮೇಲಿಲ್ಲ, ಫೋನಿನ ಮೇಲಿದೆ, ಅಲ್ಲಿ ಮಗಳ ಕೈ ಮಾತ್ರ ಕಾಣುತ್ತದೆ, ಕಡ್ಡಿ ಹಿಡಿದ ಕೈ, ನಡುವಿನ ಗುಳಿಯಿಂದ ಒಂದು ಗುಳಿಯಪ್ಪವನ್ನು ಎತ್ತಿದ್ದಾಳೆ, ಎತ್ತಿದ ಕೈ ಅಲ್ಲೇ ನಿಂತಿದೆ, ಕೆಳಗೆ ಖಾಲಿ ಗುಳಿ, ಅದರ ಅಡಿಯಲ್ಲಿ ಹೊಳಪು, ಬಿಳಿ, ಬೆಳ್ಳಿಯ ಹಾಗೆ, ಹೊಳೆಯುತ್ತಿದೆ, ಚೆನ್ನು ಎರಡು ದಿನ ತಿಕ್ಕಿದ ಆ ಗುಳಿ, ಹೊಳೆಯುತ್ತಿದೆ, ಇನ್ನೂ ಹೊಳೆಯುತ್ತಿದೆ